ರಸ್ತೆ ಒಂದೇ, ದೊರೆಗಳು ಎಂಟು. ಬಸ್ಸಿಗೆ ಕಾಯುವವರಿಗೆ ದಿಕ್ಕು ಯಾರು?



ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ರಸ್ತೆ ಯಾರದು? ಸುಲಭದ ಪ್ರಶ್ನೆ ಎಂದು ನಗಬೇಡಿ. ಈ ರಸ್ತೆಯ ಬಗ್ಗೆ ಒಂದು ಅರ್ಜಿ ಬರೆದು ಕೈಯಲ್ಲಿ ಹಿಡಿದುಕೊಂಡು ಕಚೇರಿ ಕಚೇರಿ ತಿರುಗಿ ನೋಡಿ, ಆಗ ಗೊತ್ತಾಗುತ್ತದೆ. ಈ ಮೇಜಿನವರು ಆ ಮೇಜಿನ ಕಡೆ ಬೆರಳು ಮಾಡುತ್ತಾರೆ. ಆ ಮೇಜಿನವರು ಊರ ಆಚೆಯ ಕಟ್ಟಡದ ಕಡೆ ಬೆರಳು ಮಾಡುತ್ತಾರೆ. ಸಂಜೆಯ ಹೊತ್ತಿಗೆ ಅರ್ಜಿಯ ಮೇಲೆ ನಾಲ್ಕು ಮೊಹರು ಬಿದ್ದಿರುತ್ತವೆ, ರಸ್ತೆ ಮಾತ್ರ ಹೇಗಿತ್ತೋ ಹಾಗೇ ಬಿದ್ದಿರುತ್ತದೆ. ಶಂಕುಸ್ಥಾಪನೆಯ ಕಲ್ಲು ನೆಡುವ ದಿನ ಬಂದರೆ ಮಾತ್ರ ಎಲ್ಲರೂ ಒಂದೇ ಶಾಮಿಯಾನದ ಕೆಳಗೆ! ಆ ದಿನ ರಸ್ತೆ ಎಲ್ಲರದ್ದೂ ಹೌದು. ಮರುದಿನ ಯಾರದ್ದೂ ಅಲ್ಲ.

ಸುಮಾರು ೩೫ ಕಿಲೋಮೀಟರ್ ದೂರದ ಈ ಹಾದಿಗೆ ಸರ್ಕಾರದ ಕಾಗದದಲ್ಲಿ ರಾಷ್ಟ್ರೀಯ ಹೆದ್ದಾರಿ ೫೦ ಎಂದು ಹೆಸರು. ನಾಂದೇಡದಿಂದ ಬೀದರ್, ಹುಮನಾಬಾದ್ ದಾಟಿ ನಮ್ಮೂರಿಗೆ ಬಂದು, ಜೇವರ್ಗಿ, ಸಿಂದಗಿ, ವಿಜಯಪುರದ ಮೇಲೆ ಹಾದು ಚಿತ್ರದುರ್ಗದವರೆಗೆ ಹೋಗುವ ದೊಡ್ಡ ದಾರಿ. ಲಾರಿಗಳಿಗೆ ಇದು ಹೆದ್ದಾರಿ. ಹೈದರಾಬಾದಿಗೆ ಹೋಗುವ ಐಷಾರಾಮಿ ಬಸ್ಸುಗಳಿಗೆ ಇದು ಹೆದ್ದಾರಿ. ಆದರೆ ಕಪನೂರ, ಅವರಾದ, ಕುರಿಕೋಟಾ, ಮಹಾಗಾಂವ ಕ್ರಾಸ್, ಕಮಲಾಪುರದ ಜನರಿಗೆ ಇದು ಮನೆಯ ಮುಂದಿನ ಬೀದಿ. ಕಾಲೇಜಿಗೆ ಹೋಗುವ ಹುಡುಗಿಗೆ ಇದೇ ದಾರಿ. ಗಂಜಿಗೆ ತೊಗರಿ ತರುವ ರೈತನಿಗೆ ಇದೇ ದಾರಿ. ಕಪನೂರಿನ ಕೈಗಾರಿಕಾ ಪ್ರದೇಶಕ್ಕೆ ಕೂಲಿಗೆ ಬರುವವರಿಗೆ ಇದೇ ದಾರಿ. ಹೆರಿಗೆ ನೋವು ಎದ್ದ ಹೆಣ್ಣುಮಗಳನ್ನು ದೊಡ್ಡ ದವಾಖಾನೆಗೆ ತರಲಿಕ್ಕೂ ಇದೇ ದಾರಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ನಗರದ ಮಾರುಕಟ್ಟೆ ಸೇರಬೇಕಾದರೂ ಇದೇ ದಾರಿ!

ಕಲಬುರಗಿ ಈಗ ಸಣ್ಣ ಊರಲ್ಲ. ೨೦೧೧ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ೫.೩ ಲಕ್ಷ ದಾಟಿತ್ತು. ಅಂದಿನಿಂದ ಊರು ನಾಲ್ಕೂ ದಿಕ್ಕಿಗೆ ಬೆಳೆದಿದೆ. ೨೦೧೮ರಲ್ಲಿ ಕಮಲಾಪುರ ಬೇರೆ ತಾಲ್ಲೂಕು ಕೇಂದ್ರವಾಯಿತು. ಒಳ್ಳೆಯದೇ ಆಯಿತು, ಸ್ವಾಗತ. ಆದರೆ ತಾಲ್ಲೂಕು ಮಾಡಿದವರು ಒಂದು ಲೆಕ್ಕ ಮರೆತರು. ಮೊದಲು ಮುಂಜಾನೆ ಜನ ಕಮಲಾಪುರದಿಂದ ಕಲಬುರಗಿಗೆ ಬರುತ್ತಿದ್ದರು, ಸಂಜೆ ಹೋಗುತ್ತಿದ್ದರು. ಈಗ ಅದೇ ಮುಂಜಾನೆ ನಗರದಲ್ಲಿ ಮನೆ ಮಾಡಿಕೊಂಡಿರುವ ಗುಮಾಸ್ತರು, ಮಾಸ್ತರರು, ನರ್ಸಮ್ಮಗಳು ಕಮಲಾಪುರದ ಕಡೆಗೂ ಹೊರಡುತ್ತಾರೆ. ದಾರಿ ಎರಡೂ ಕಡೆ ತುಂಬಿದೆ. ಬಸ್ಸು ಹೋಗುವಾಗಲೂ ಜನ, ಬರುವಾಗಲೂ ಜನ. ಖಾಲಿ ಬಸ್ಸು ಓಡಿಸಿ ನಷ್ಟ ಮಾಡಿಕೊಳ್ಳಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ತುಂಬಿದ ದಾರಿಗೆ ಹೊತ್ತಿಗೆ ಸರಿಯಾದ ಬಸ್ಸು ಕೊಡಿ ಎನ್ನುತ್ತಿದ್ದೇವೆ.

ಎಂಟು ದೊರೆಗಳ ಲೆಕ್ಕ

ಈಗ ದೊರೆಗಳನ್ನು ಎಣಿಸೋಣ. ಡಾಂಬರು ಹೆದ್ದಾರಿಯವರದು, ಒಂದು. ನಗರದೊಳಗಿನ ಚರಂಡಿ, ಬೀದಿದೀಪ, ಫುಟ್‌ಪಾತ್ ಮಹಾನಗರ ಪಾಲಿಕೆಯದು, ಎರಡು. ಪಕ್ಕದ ಹೊಲ ಯಾವಾಗ ಲೇಔಟ್ ಆಗಬೇಕು ಎಂದು ಹೇಳುವವರು ನಗರಾಭಿವೃದ್ಧಿ ಪ್ರಾಧಿಕಾರದವರು, ಮೂರು. ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ನಾಲ್ಕು. ಟಂಟಂ, ಕ್ರೂಸರ್‌ಗಳ ಪರ್ಮಿಟ್ ಸಾರಿಗೆ ಇಲಾಖೆಯದು, ಐದು. ಸಂಚಾರ ನೋಡಿಕೊಳ್ಳುವವರು ಪೊಲೀಸರು. ಅದರಲ್ಲೂ ನಗರದೊಳಗೆ ಆಯುಕ್ತರ ಆಡಳಿತ, ನಗರ ದಾಟಿದರೆ ಜಿಲ್ಲಾ ಎಸ್ಪಿಯವರ ಆಡಳಿತ. ಅದನ್ನು ಒಂದೇ ಎಂದು ಹಿಡಿದರೂ ಆರು. ಪಕ್ಕದಲ್ಲೇ ಓಡುವ ರೈಲು ದೆಹಲಿಯವರದು, ಏಳು. ಕಮಲಾಪುರದ ತಾಲ್ಲೂಕು ಆಡಳಿತ, ದಾರಿಯ ಮೇಲಿನ ಪಂಚಾಯಿತಿಗಳು ಸೇರಿ ಎಂಟು.

ಎಂಟು ಮಂದಿಗೂ ಕುರ್ಚಿ ಇದೆ, ಜೀಪಿದೆ, ಮೊಹರಿದೆ. ಆದರೆ ಎಂಟು ಮಂದಿ ಒಟ್ಟಿಗೆ ಕುಳಿತುಕೊಳ್ಳುವ ಮೇಜು ಎಲ್ಲಿದೆ? ಈ ಒಂದು ಪ್ರಶ್ನೆಯೇ ಈ ಲೇಖನದ ತಿರುಳು.

ಮೇಜು ಇಲ್ಲದಿದ್ದರೆ ಏನಾಗುತ್ತದೆ? ಹೆದ್ದಾರಿ ಅಗಲ ಮಾಡುವವನಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರುವುದಿಲ್ಲ. ಬಸ್ಸು ನಿಲ್ಲಿಸುವವನಿಗೆ ನೆರಳು ಯಾರು ಕಟ್ಟಬೇಕು ಎಂದು ಗೊತ್ತಿರುವುದಿಲ್ಲ. ನೆರಳು ಕಟ್ಟುವವನಿಗೆ ದೀಪದ ಬಿಲ್ಲು ಯಾರು ಕೊಡುತ್ತಾರೆ ಎಂದು ಗೊತ್ತಿರುವುದಿಲ್ಲ. ಲೇಔಟಿಗೆ ಅಪ್ಪಣೆ ಕೊಡುವವನಿಗೆ ಅಲ್ಲಿ ಮನೆ ಕಟ್ಟಿಕೊಂಡವರು ಯಾವ ಬಸ್ಸು ಹತ್ತುತ್ತಾರೆ ಎಂಬ ಚಿಂತೆ ಇರುವುದಿಲ್ಲ. ಕೊನೆಗೆ ಕ್ರಾಸಿನಲ್ಲಿ ಬಿಸಿಲಿಗೆ ನಿಂತ ಮುದುಕಿ, "ಎಪ್ಪಾ, ಬಸ್ಸು ಎಷ್ಟೊತ್ತಿಗಿ ಬರ್ತದ?" ಎಂದು ಕೇಳಿದರೆ ಉತ್ತರ ಒಂದೇ: "ಬಂದಾಗ ಬರ್ತದ, ನಿಂದ್ರು!"

ಬಂದಾಗ ಬರ್ತದ! ಇದು ವೇಳಾಪಟ್ಟಿಯೇ? ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಒಂದು ತಾಸು ರಸ್ತೆ ಬದಿಗೆ ನಿಲ್ಲುವುದು ಎಂದರೇನು ಎಂದು ತಂಪು ಕೋಣೆಯಲ್ಲಿ ಕುಳಿತವರಿಗೆ ಯಾರು ಹೇಳಬೇಕು?

ಉಚಿತ ಟಿಕೆಟ್ಟು ಬಂತು, ಬಸ್ಸು ನಿಲ್ಲಬೇಕಲ್ಲ!

೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂತು. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟು ಉಚಿತವಾಯಿತು. ಇದನ್ನು ಹೀಯಾಳಿಸುವವರ ಸಾಲಿನಲ್ಲಿ ನಾವಿಲ್ಲ. ಕೂಲಿ ಹೆಂಗಸಿನ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ಉಳಿದರೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವರು ನಾವಲ್ಲ. ಆದರೆ ಕ್ರಾಸಿನಲ್ಲಿ ನಿಲ್ಲದ ಬಸ್ಸಿನಲ್ಲಿ ಉಚಿತ ಟಿಕೆಟ್ಟು ಇದ್ದರೆಷ್ಟು, ಬಿಟ್ಟರೆಷ್ಟು? ಈ ದಾರಿಯಲ್ಲಿ ಹೈದರಾಬಾದಿನ ಬಸ್ಸುಗಳೂ ಓಡುತ್ತವೆ. ಅಂತರರಾಜ್ಯ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ಹಾಗಾದರೆ ಮಹಾಗಾಂವ ಕ್ರಾಸಿನ ಹೆಣ್ಣುಮಗಳಿಗೆ ಬೇಕಾಗಿರುವುದು ದೂರದೂರಿನ ಬಸ್ಸಲ್ಲ. ಕಲಬುರಗಿ–ಕಮಲಾಪುರದ ನಡುವೆಯೇ ಹೋಗಿ ಬರುವ, ಪ್ರತಿ ಕ್ರಾಸಿನಲ್ಲಿ ನಿಲ್ಲುವ ಬಸ್ಸು. ಇದನ್ನು ತಿಳಿಯಲು ದೊಡ್ಡ ಸಮೀಕ್ಷೆ ಬೇಕೇ?

೨೦೨೫ರ ಜನವರಿ ೫ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇಕಡಾ ೧೫ರಷ್ಟು ಏರಿತು. ಗಮನಿಸಿ, ನಾಲ್ಕೂ ನಿಗಮಗಳು, ಒಂದೇ ದಿನ, ಒಂದೇ ದರ! ದರ ಏರಿಸುವಾಗ ಎಲ್ಲರೂ ಒಂದಾಗಬಲ್ಲರು. ಒಂದು ಕ್ರಾಸಿಗೆ ತಗಡಿನ ನೆರಳು ಹಾಕುವಾಗ ಮಾತ್ರ ಎಲ್ಲರೂ ಬೇರೆ ಬೇರೆ. ಇದೆಂಥ ಒಗ್ಗಟ್ಟು ಸ್ವಾಮಿ?

೭ ಹೆಣಗಳ ಮೇಲಿನ ಪಾಠ

ಈ ದಾರಿ ಎಷ್ಟು ಅಪಾಯದ್ದು ಎಂದು ಹೇಳಲು ಕಥೆ ಕಟ್ಟಬೇಕಾಗಿಲ್ಲ. ೨೦೨೨ರ ಜೂನ್ ೩ರಂದು ಬೆಳಿಗ್ಗೆ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ ಉರುಳಿತು. ಬೆಂಕಿ ಹತ್ತಿತು. ೭ ಮಂದಿ ಸುಟ್ಟು ಸತ್ತರು. ದೇಶದ ಪತ್ರಿಕೆಗಳೆಲ್ಲ ಕಮಲಾಪುರದ ಹೆಸರು ಬರೆದದ್ದು ಆ ದಿನ. ನಮ್ಮ ಊರಿನ ಹೆಸರು ಹೆಣದ ಸುದ್ದಿಯ ಜೊತೆಗೇ ಹೊರಗೆ ಹೋಗಬೇಕೇ?

ದೂರದ ವೇಗದ ವಾಹನ, ಊರಿನ ಟಂಟಂ, ಎತ್ತಿನ ಬಂಡಿ, ಸೈಕಲ್ಲು, ನಡೆದು ದಾಟುವ ಶಾಲೆ ಮಕ್ಕಳು ಇವೆಲ್ಲ ಒಂದೇ ಡಾಂಬರಿನ ಮೇಲೆ ಇರುವಾಗ ಯಾರಿಗೆ ಎಲ್ಲಿ ಜಾಗ ಎಂದು ಗೆರೆ ಎಳೆಯಬೇಕು. ಬಸ್ಸು ನಿಲ್ಲಲು ರಸ್ತೆಯಿಂದ ಒಳಗೆ ಸರಿದ ಕಟ್ಟೆ ಬೇಕು. ದಾಟಲು ಗುರುತು ಬೇಕು, ದೀಪ ಬೇಕು. ಕುರಿಕೋಟಾದಲ್ಲಿ ಬೆಣ್ಣೆತೊರೆಯ ಸೇತುವೆ ದಾಟುವ ಮುಂಚೆ ವೇಗ ಇಳಿಸಲು ಎಚ್ಚರಿಕೆಯ ಫಲಕ ಬೇಕು. ಇಷ್ಟನ್ನು ಒಬ್ಬ ದೊರೆ ಮಾಡಲಾರ. ಎಂಟು ಮಂದಿ ಕೂಡಿ ಮಾಡಿದರೆ ಒಂದು ವರ್ಷದ ಕೆಲಸ.

ಮೇಜು ಹಾಕಲು ಹೊಸ ಕಾನೂನು ಬೇಡ

"ಇದೆಲ್ಲ ಸರಿ, ಆದರೆ ಕಾನೂನಿನಲ್ಲಿ ಅವಕಾಶ ಎಲ್ಲಿದೆ?" ಎಂದು ರಾಗ ಎಳೆಯುವವರಿಗೆ ಉತ್ತರ ಇಲ್ಲಿದೆ. ೧೯೯೨ರ ೭೪ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ೨೪೩ ಜೆಡ್‌ಡಿ ಎಂಬ ವಿಧಿ ಸೇರಿತು. ಪ್ರತಿ ಜಿಲ್ಲೆಗೆ ಯೋಜನಾ ಸಮಿತಿ ಇರಬೇಕು, ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಯೋಜನೆಗಳನ್ನು ಅದು ಒಂದು ಮಾಡಬೇಕು, ಹಳ್ಳಿಗೂ ಪಟ್ಟಣಕ್ಕೂ ಸಮಾನವಾದ ವಿಷಯಗಳನ್ನು, ಮೂಲ ಸೌಕರ್ಯದ ಕೂಡು ಅಭಿವೃದ್ಧಿಯನ್ನು ಗಮನಿಸಬೇಕು ಎಂದು ಅದು ಹೇಳುತ್ತದೆ. ನಗರಕ್ಕೂ ಹಳ್ಳಿಗೂ ಸಮಾನವಾದ ವಿಷಯ ಕಲಬುರಗಿ–ಕಮಲಾಪುರದ ರಸ್ತೆಗಿಂತ ಇನ್ನೊಂದು ಯಾವುದಿದೆ?

ಇನ್ನೊಂದು ಮಾತು. ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಒಬ್ಬರೇ ವ್ಯಕ್ತಿ ಎರಡು ಕುರ್ಚಿಯಲ್ಲಿ ಕೂರುತ್ತಾರೆ. ಎರಡು ಸಭೆಗಳನ್ನು ಒಂದೇ ದಿನ ಕರೆದು, ಪಾಲಿಕೆ, ನಿಗಮ, ಹೆದ್ದಾರಿ, ರೈಲು, ಕಮಲಾಪುರದವರಿಗೆ ಒಂದು ಚೀಟಿ ಕಳಿಸಿದರೆ ಮೇಜು ಸಿದ್ಧ! ಇದಕ್ಕೆ ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾಗಿಲ್ಲ.

ಬೆಂಗಳೂರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇವೆ. ಅಲ್ಲಿ ಮೆಟ್ರೋ ಒಂದು ಕಡೆ, ಬಸ್ಸು ಒಂದು ಕಡೆ, ಪೊಲೀಸರು ಒಂದು ಕಡೆ ಎಳೆದಾಡಿದಾಗ ಸರ್ಕಾರ ೨೦೨೨ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆಂದೇ ಕಾಯ್ದೆ ಮಾಡಿತು. ಎಲ್ಲರನ್ನೂ ಒಂದು ಸೂರಿನ ಕೆಳಗೆ ಕೂರಿಸುವುದೇ ಅದರ ಉದ್ದೇಶ. ರಾಜಧಾನಿಗೆ ಬೇಕಾದ ಬುದ್ಧಿ ಕಲಬುರಗಿಗೆ ಬೇಡವೇ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ! ಕಲ್ಯಾಣ ಎಂದು ಹೆಸರು ಇಟ್ಟರೆ ಕಲ್ಯಾಣ ಆಗಿಬಿಡುವುದಿಲ್ಲ.

ಹುಬ್ಬಳ್ಳಿ–ಧಾರವಾಡ ನೋಡಿ ಬನ್ನಿ

ಎರಡು ಊರು, ನಡುವೆ ಒಂದು ತುಂಬಿದ ರಸ್ತೆ, ನೂರೆಂಟು ಇಲಾಖೆ. ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು ೨೨ ಕಿಲೋಮೀಟರ್ ದಾರಿಗೆ ೨೦೧೨ರಲ್ಲಿ ಬೇರೆಯೇ ಕಂಪನಿ ಮಾಡಿದರು. ವಿಶ್ವಬ್ಯಾಂಕಿನ ನೆರವು ತಂದರು. ಬಸ್ಸಿಗೇ ಪ್ರತ್ಯೇಕ ಪಥ ಹಾಕಿದರು. ೨೦೧೮ರಲ್ಲಿ ಪ್ರಾಯೋಗಿಕ ಓಡಾಟ ಶುರುವಾಗಿ, ೨೦೨೦ರ ಫೆಬ್ರವರಿ ೨ರಂದು ವಿಧ್ಯುಕ್ತ ಉದ್ಘಾಟನೆ ಆಯಿತು. ಆ ಬಸ್ಸಿಗೆ ಇಟ್ಟ ಹೆಸರು ಚಿಗರಿ. ನಮ್ಮ ಉತ್ತರದ ಮಾತಿನಲ್ಲಿ ಚಿಗರಿ ಎಂದರೆ ಜಿಂಕೆ. ಇಂಗ್ಲಿಷಿನ ಬಾಲ ಹಿಡಿಯದೆ ಹಳ್ಳಿಯ ಕನ್ನಡದಿಂದ ಒಂದು ಹೆಸರು ಎತ್ತಿ ಬಸ್ಸಿನ ಹಣೆಗೆ ಅಂಟಿಸಿದರಲ್ಲ, ಅವರಿಗೆ ಶಹಬ್ಬಾಸ್ ಎನ್ನಬೇಕು.

ಅಲ್ಲಿಯೂ ತಕರಾರು ಇದೆ. ಬಸ್ಸಿಗೆ ಪಥ ಬಿಟ್ಟ ಮೇಲೆ ಉಳಿದ ವಾಹನಗಳಿಗೆ ಜಾಗ ಕಿರಿದಾಯಿತು ಎಂದು ಧಾರವಾಡದವರು ಬೀದಿಗಿಳಿದಿದ್ದಾರೆ. ಕಾಮಗಾರಿಗೆ ಬಲಿಯಾದ ಮರಗಳ ಬಗ್ಗೆ ಜನರಿಗೆ ಸಿಟ್ಟಿದೆ. ಆದ್ದರಿಂದ ಅದನ್ನೇ ಇಲ್ಲಿಗೆ ಎತ್ತಿ ತನ್ನಿ ಎಂದು ನಾವು ಹೇಳುತ್ತಿಲ್ಲ. ನಮಗೆ ಕೋಟಿಗಟ್ಟಲೆ ಹಣದ ಪ್ರತ್ಯೇಕ ಪಥ ಬೇಡ. ಅವರಿಂದ ಕಲಿಯಬೇಕಾದದ್ದು ಎರಡು ಸಂಗತಿ: ಒಂದು ದಾರಿಗೆ ಒಂದು ಜವಾಬ್ದಾರಿ ಕಚೇರಿ ಇರಬೇಕು, ಜನರನ್ನು ಮೊದಲೇ ಕೇಳದಿದ್ದರೆ ಕಟ್ಟಿದ ಮೇಲೆ ಬೈಸಿಕೊಳ್ಳಬೇಕಾಗುತ್ತದೆ.

ದುಡ್ಡಿಲ್ಲ ಎನ್ನುವ ಹಳೆಯ ರಾಗವೂ ಬೇಡ. ೩೭೧ ಜೆ ವಿಧಿ ಹೋರಾಡಿ ಪಡೆದದ್ದು. ಅದರಿಂದ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಇದೆ. ೨೦೨೩–೨೪ರ ಬಜೆಟ್ಟಿನಲ್ಲಿ ಅದಕ್ಕೆ ೫೦೦೦ ಕೋಟಿ ರೂಪಾಯಿ ಘೋಷಿಸಿದರು. ಆ ಸಾಗರದಲ್ಲಿ ಹತ್ತಿಪ್ಪತ್ತು ನಿಲ್ದಾಣದ ನೆರಳಿಗೆ ಒಂದು ಕೊಡ ನೀರು ಸಿಗುವುದಿಲ್ಲವೇ?

ಓದಲಾಗದ ಕಾಗದ, ಕೇಳಲಾಗದ ಹಕ್ಕು

ಕನ್ನಡದ ಪತ್ರಿಕೆಯಲ್ಲಿ ರಸ್ತೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳಿ, ಇದು ಕನ್ನಡದ ಮಾತೇ.

ನಾನು ಪ್ರೆಸ್ಸಿನವನು. ಹುಡುಗನಾಗಿದ್ದಾಗ ಮೊಳೆ ಜೋಡಿಸಿ ಕಲಿತು, ಈಗ ಆಫ್‌ಸೆಟ್ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಎಲ್ಲ ನಮ್ಮ ಕೈ ಮೇಲೆ ಹೋಗುತ್ತವೆ. ಒಮ್ಮೆ ಒಂದು ಕಚೇರಿಯವರು ರಸ್ತೆ ಕೆಲಸದ ಸಲುವಾಗಿ ದಾರಿ ಬದಲಾದ ಸೂಚನೆಯನ್ನು ಅಚ್ಚಿಗೆ ತಂದರು. ಹಳ್ಳಿಗಳಲ್ಲಿ ಅಂಟಿಸುವ ಕಾಗದ. ಮೇಲಿಂದ ಕೆಳಗಿನ ತನಕ ಇಂಗ್ಲಿಷು! "ಕನ್ನಡದಲ್ಲಿ ಮಾಡಿಕೊಡ್ತೀನ್ರಿ, ಅಕ್ಷರ ಜೋಡಣೆಗೆ ರೊಕ್ಕ ಬ್ಯಾಡ" ಎಂದೆ. "ಮ್ಯಾಲಿಂದ ಹಿಂಗೇ ಬಂದದ, ಹಿಂಗೇ ಹೊಡೀರಿ" ಎಂದರು. ಹಳ್ಳಿಯ ಗೋಡೆಗೆ ಅಂಟಿಸಿದ ಆ ಇಂಗ್ಲಿಷು ಕಾಗದ ಯಾರಿಗಾಗಿ? ಮೇಕೆಗಳಿಗಾಗಿಯೇ?

ನಮ್ಮ ಹಿರಿಯರು ನಿಜಾಮರ ಆಳ್ವಿಕೆ ಕಂಡವರು. ಅಂದು ಸರ್ಕಾರದ ಕಾಗದ ಉರ್ದುವಿನಲ್ಲಿ ಬರುತ್ತಿತ್ತು. ಕನ್ನಡದ ರೈತ ತನ್ನ ಹೊಲದ ಕಾಗದವನ್ನೇ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು. ಉರ್ದು ನಮ್ಮ ನೆರೆಯವರ ಮನೆಮಾತು, ಅದರ ಮೇಲೆ ನಮಗೆ ಸಿಟ್ಟಿಲ್ಲ. ಓದಲಾಗದ ಭಾಷೆಯಲ್ಲಿ ಆಳುವುದರ ಮೇಲೆ ಸಿಟ್ಟು. ೧೯೪೮ರ ಸೆಪ್ಟೆಂಬರ್ ೧೭ಕ್ಕೆ ಆ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ್ ೧ಕ್ಕೆ ಕನ್ನಡನಾಡು ಒಂದಾಯಿತು. ೧೯೬೩ರಲ್ಲಿ ರಾಜ್ಯದ ರಾಜಭಾಷಾ ಕಾಯ್ದೆ ಬಂತು. ಇಷ್ಟೆಲ್ಲ ಆದ ಮೇಲೂ ರಸ್ತೆಯ ಯೋಜನಾ ವರದಿ ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಕಡತ ಸೇರಿದರೆ, ಅವರಾದದ ರೈತ ತನ್ನ ಹೊಲದ ಅಂಚಿನಲ್ಲಿ ಏನು ಬರುತ್ತದೆ ಎಂದು ಹೇಗೆ ತಿಳಿಯಬೇಕು? ಆಕ್ಷೇಪಣೆ ಸಲ್ಲಿಸಲು ಕೊಟ್ಟ ದಿನಗಳು ಅನುವಾದ ಹುಡುಕುವುದರಲ್ಲೇ ಮುಗಿದುಹೋಗುತ್ತವೆ.

೨೦೨೪ರಲ್ಲಿ ಅಂಗಡಿ ಫಲಕದ ಶೇಕಡಾ ೬೦ ಭಾಗ ಕನ್ನಡದಲ್ಲಿರಬೇಕು ಎಂದು ಸರ್ಕಾರ ಕಾನೂನು ಬಿಗಿ ಮಾಡಿತು. ನಾವು ಅದಕ್ಕಾಗಿ ಬೀದಿಗಿಳಿದವರೇ, ಸಂತೋಷಪಟ್ಟವರೇ. ಆದರೆ ಕಿರಾಣಿ ಅಂಗಡಿಯವನ ಫಲಕ ಅಳೆಯುವ ಟೇಪನ್ನು ಸರ್ಕಾರ ತನ್ನ ಮೈಗೂ ಹಿಡಿಯಲಿ. ಹೋಗಿ, ಈ ದಾರಿಯ ಯಾವುದಾದರೂ ಒಂದು ಹಳ್ಳಿಯ ಕ್ರಾಸಿನಲ್ಲಿ ನಿಂತು ನೋಡಿ. ಬಸ್ಸಿನ ಹೊತ್ತು ಬರೆದ ಒಂದು ಕನ್ನಡ ಫಲಕ ಕಣ್ಣಿಗೆ ಬೀಳುತ್ತದೆಯೇ? ಅಚ್ಚಿನವನ ಲೆಕ್ಕ ಹೇಳುತ್ತೇನೆ: ಈ ದಾರಿಯ ಎಲ್ಲ ಬಸ್ಸುಗಳ ಹೊತ್ತು ಅಚ್ಚು ಹಾಕಲು ಡೆಮ್ಮಿ ಹಾಳೆಯ ಕಾಲು ಭಾಗ ಸಾಕು. ರಸ್ತೆ ಕೆಲಸಗಳಲ್ಲೆಲ್ಲ ಅತ್ಯಂತ ಅಗ್ಗದ ಕೆಲಸ ಅದು. ಅದೇ ಆಗದಿದ್ದರೆ ಉಳಿದದ್ದು ಆಗುತ್ತದೆ ಎಂದು ನಂಬುವುದು ಹೇಗೆ?

ಟಂಟಂ ಹುಡುಗರು ನಮ್ಮವರೇ

ಬಸ್ಸಿನ ಕೊರತೆ ತುಂಬಿದವರು ಟಂಟಂ, ಕ್ರೂಸರಿನವರು. ಸಭೆಗಳಲ್ಲಿ ಅವರನ್ನೇ ಕಳ್ಳರಂತೆ ನೋಡುವವರಿದ್ದಾರೆ. ತಪ್ಪು. ಸಾಲ ಮಾಡಿ ಗಾಡಿ ತಂದ ನಮ್ಮ ಕನ್ನಡದ ಹುಡುಗರು ಅವರು. ಜನ ಜೋತಾಡುವಂತೆ ತುಂಬಬೇಡಿ ಎಂದು ಅವರಿಗೂ ಹೇಳಬೇಕು. ಅದರ ಜೊತೆಗೆ ಅವರಿಗೆ ನಿಲ್ಲಲು ಜಾಗ, ದರದ ಪಟ್ಟಿ, ಹಳ್ಳಿಯೊಳಗಿನಿಂದ ಕ್ರಾಸಿನವರೆಗೆ ಜನ ತರುವ ಕೆಲಸವನ್ನೂ ಕೊಡಬೇಕು. ಒಳಗಿನ ಹಳ್ಳಿಗೆ ಟಂಟಂ, ದೊಡ್ಡ ದಾರಿಗೆ ಬಸ್ಸು. ಇಬ್ಬರೂ ಬದುಕಲಿ.

ರೈಲನ್ನೂ ಮರೆಯಬಾರದು. ೧೯೯೦ರ ದಶಕದಲ್ಲಿ ಮಂಜೂರಾದ ಕಲಬುರಗಿ–ಬೀದರ್ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದು ೨೦೧೭ರ ಅಕ್ಟೋಬರ್ ೨೯ರಂದು. ೧೧೦ ಕಿಲೋಮೀಟರ್ ಹಳಿ, ಮರಗುತ್ತಿಯ ಬಳಿ ಗುಡ್ಡ ಕೊರೆದ ಸುರಂಗ, ಕಮಲಾಪುರದಲ್ಲೂ ನಿಲ್ದಾಣ. ಒಂದು ತಲೆಮಾರು ಕಾದು ಪಡೆದ ರೈಲಿಗೆ ಬಸ್ಸು ಹೊಂದಿಕೊಳ್ಳದಿದ್ದರೆ, ಇಳಿದವರು ನಿಲ್ದಾಣದ ಮುಂದೆ ಮತ್ತೆ "ಬಂದಾಗ ಬರ್ತದ" ಎಂದು ನಿಲ್ಲಬೇಕಾಗುತ್ತದೆ.

ನಮ್ಮ ಬೇಡಿಕೆಗಳು

೧. ಜಿಲ್ಲಾಧಿಕಾರಿಗಳು ಒಂದು ತಿಂಗಳೊಳಗೆ ಎಂಟೂ ಕಡೆಯವರ ಸಭೆ ಕರೆದು ಕಲಬುರಗಿ–ಕಮಲಾಪುರ ರಸ್ತೆಗೆ ಜಂಟಿ ಸಮಿತಿ ರಚಿಸಬೇಕು. ಅದರಲ್ಲಿ ವಿದ್ಯಾರ್ಥಿ, ಕೂಲಿ ಹೆಂಗಸು, ರೈತ, ಟಂಟಂ ಚಾಲಕರ ಪ್ರತಿನಿಧಿಗಳಿಗೂ ಕುರ್ಚಿ ಇರಬೇಕು. ಸಮಿತಿಯ ತೀರ್ಮಾನಗಳು ಜಿಲ್ಲಾ ಯೋಜನಾ ಸಮಿತಿಯ ಮುಂದೆ ಬರಬೇಕು.

೨. ಎರಡು ಊರುಗಳ ನಡುವೆಯೇ ಹೋಗಿ ಬರುವ, ಪ್ರತಿ ಕ್ರಾಸಿನಲ್ಲಿ ನಿಲ್ಲುವ ಬಸ್ಸುಗಳು ಬೇಕು. ಕಾಲೇಜಿನ ಹೊತ್ತಿಗೆ, ಕಚೇರಿಯ ಹೊತ್ತಿಗೆ ಹೆಚ್ಚು ಬೇಕು. ರಾತ್ರಿಯ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಖಚಿತವಾಗಿ ಸಾರಬೇಕು. ರೈಲಿನ ಹೊತ್ತಿಗೆ ಬಸ್ಸು ಹೊಂದಬೇಕು.

೩. ಪ್ರತಿ ನಿಲ್ದಾಣದಲ್ಲಿ ನೆರಳು, ದೀಪ, ರಸ್ತೆಯಿಂದ ಒಳಗೆ ಸರಿದ ಬಸ್ಸಿನ ಕಟ್ಟೆ, ದಾಟುವ ಗುರುತು ಇರಬೇಕು.

೪. ವೇಳಾಪಟ್ಟಿ, ಊರಿನ ಹೆಸರು, ಎಚ್ಚರಿಕೆಯ ಫಲಕ ಮೊದಲು ಕನ್ನಡದಲ್ಲಿ, ಕನ್ನಡದ ಅಂಕಿಯೊಂದಿಗೆ ಇರಬೇಕು.

೫. ಯೋಜನಾ ವರದಿಯ ಕನ್ನಡ ಪ್ರತಿ ದಾರಿಯ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ಇರಬೇಕು. ಕನ್ನಡ ಪ್ರತಿ ಇಟ್ಟ ದಿನದಿಂದಲೇ ಆಕ್ಷೇಪಣೆಯ ದಿನ ಎಣಿಸಬೇಕು.

ಇದರಲ್ಲಿ ಆಗದ್ದು ಯಾವುದಿದೆ? ಚಂದ್ರನನ್ನು ಕೇಳಿಲ್ಲ, ಬಸ್ಸು ಕೇಳಿದ್ದೇವೆ. ಹೊಸ ಸೇತುವೆ ಕೇಳಿಲ್ಲ, ಒಂದು ಮೇಜು ಕೇಳಿದ್ದೇವೆ.

ಕಮಲಾಪುರದ ಬಂಧುಗಳೇ, ಕಲಬುರಗಿಯ ಬಂಧುಗಳೇ! ಅಧಿಕಾರಿಗಳು ಬೇರೆ ಬೇರೆ ಕುಳಿತರೆ ಅವರಿಗೆ ಲಾಭ, ನಾವು ಬೇರೆ ಬೇರೆ ನಿಂತರೆ ನಮಗೇ ನಷ್ಟ. ಪ್ರತಿ ಹಳ್ಳಿಯಿಂದ, ಪ್ರತಿ ಓಣಿಯಿಂದ ಸಹಿ ಕೂಡಿಸಿ. ಅರ್ಜಿ ಕನ್ನಡದಲ್ಲಿ ಬರೆಯಿರಿ, ಉತ್ತರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿ ಬಂದ ಉತ್ತರವನ್ನು ತಿರುಗಿ ಕಳಿಸಿ. ಎರಡೂ ಊರಿನವರು ಒಂದೇ ದಿನ, ಒಂದೇ ಅರ್ಜಿ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮ��ಟ್ಟಿಲು ಹತ್ತೋಣ. ಎಂಟು ದೊರೆಗಳಿಗೆ ಒಂದು ಮೇಜು ಹಾಕಿಸುವ ತನಕ ಇಳಿಯುವುದು ಬೇಡ!